ಆಭಾ ಕಾರ್ಡಿನಿಂದ ಕೂಸಿನ ಆಪರೇಷನ್ ಆಗೋದಿಲ್ಲ: ಕಲಬುರಗಿ, ಬೀದರ್, ಯಾದಗಿರಿಯವರು ಓದಿ

ಯಾದಗಿರಿ ಜಿಲ್ಲೆಯ ಒಂದು ಕೂಲಿ ಕುಟುಂಬ. ಮೂರು ವರ್ಷದ ಕೂಸಿಗೆ ಹೃದಯದಲ್ಲಿ ರಂಧ್ರ. ಊರಿಗೆ ಬಂದಿದ್ದ ಏಜೆಂಟ್ ತಂದೆಯ ಆಧಾರ್ ನಂಬರ್, ಓಟಿಪಿ ತಗೊಂಡು, ಪ್ಲಾಸ್ಟಿಕ್ ಕಾರ್ಡ್ ಮಾಡಿಕೊಟ್ಟು, ಮುನ್ನೂರು ರೂಪಾಯಿ ಇಸಗೊಂಡು ಹೋಗಿದ್ದ. "ಐದು ಲಕ್ಷದ ಕಾರ್ಡ್ ಅದ, ಯಾವ ದವಾಖಾನಿಗ್ಯಾದ್ರೂ ನಡೀತದ" ಅಂತ ಹೇಳಿದ್ದ. ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ನೋಡಿದರೆ ಅದು ಆಭಾ ಕಾರ್ಡ್, ಬರೀ ಆರೋಗ್ಯ ದಾಖಲೆ ಇಡುವ ನಂಬರ್. ಕೂಸಿನ ಹೆಸರು ರೇಷನ್ ಕಾರ್ಡಿನಲ್ಲೂ ಇಲ್ಲ. "ಸದ್ಯ ರೊಕ್ಕ ಕಟ್ಟ್ರಿ, ಕಾರ್ಡ್ ಆದ ಮ್ಯಾಲೆ ವಾಪಸ್ ಬರ್ತದ" ಎಂದರು ಕೌಂಟರಿನವರು. ಬಡ್ಡಿ ಸಾಲ ತಂದು ಕಟ್ಟಿದರು. ಆ ರೊಕ್ಕ ವಾಪಸ್ ಬರಲಿಲ್ಲ.

ಬರೋದೂ ಇಲ್ಲ. ನಮ್ಮಲ್ಲಿ ಜನರಿಗೆ ಯಾರೂ ಬಿಡಿಸಿ ಹೇಳದ ಮಾತು ಇದೇ. ಐದು ಲಕ್ಷದ ಚಿಕಿತ್ಸೆ ಕೊಡುವ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನಗದುರಹಿತ. ಅದನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ಕೊಡುವುದು ಆಸ್ಪತ್ರೆಗೆ, ಅದೂ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಪಡೆದಿದ್ದರೆ ಮಾತ್ರ. ನೀವು ಕಟ್ಟಿ, ಬಿಲ್ಲು ಹಚ್ಚಿ ಅರ್ಜಿ ಹಾಕಿದರೆ ಮರಳಿಸುವ ಪದ್ಧತಿಯೇ ಇದರಲ್ಲಿಲ್ಲ. "ಆಮ್ಯಾಲೆ ವಾಪಸ್" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜೇಬಿಗೆ ಕೈ ಹಾಕಬೇಡಿ, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಮೊದಲು ಕಾರ್ಡಿನ ಗೊಂದಲ ಬಗೆಹರಿಸೋಣ. ಆಭಾ ಎಂಬುದು 14 ಅಂಕಿಯ ನಂಬರ್. ನಿಮ್ಮ ಚೀಟಿ, ರಿಪೋರ್ಟುಗಳನ್ನು ಕಂಪ್ಯೂಟರಿನಲ್ಲಿ ಒಂದೆಡೆ ಇಡಲಿಕ್ಕೆ ಮಾಡಿದ್ದು. ಯಾರು ಬೇಕಾದರೂ ಮೊಬೈಲಿನಲ್ಲಿ ಪುಕ್ಕಟೆ ಮಾಡಿಕೊಳ್ಳಬಹುದು, ಅದರಲ್ಲಿ ಒಂದು ರೂಪಾಯಿಯ ವಿಮೆಯೂ ಇಲ್ಲ. ಐದು ಲಕ್ಷದ ಸೌಲಭ್ಯ ಇರುವುದು ಆಯುಷ್ಮಾನ್ ಕಾರ್ಡಿಗೆ, ಅದು ನಿಂತಿರುವುದು ನಿಮ್ಮ ರೇಷನ್ ಕಾರ್ಡಿನ ಮೇಲೆ. ಎರಡರ ಹೆಸರಲ್ಲೂ "ಆಯುಷ್ಮಾನ್" ಇರುವುದರಿಂದಲೇ ಏಜೆಂಟರ ಧಂದೆ ನಡೆದಿದೆ. ಕೈಯಲ್ಲಿರುವ ಕಾರ್ಡ್ ತೆಗೆದು ನೋಡಿ: 14 ಅಂಕಿಯ ನಂಬರ್ ಇದ್ದು, ಆಭಾ ಎಂದು ಮಾತ್ರ ಬರೆದಿದ್ದರೆ ಅದನ್ನು ನಂಬಿ ಕೂಸನ್ನು ಅಡ್ಮಿಟ್ ಮಾಡಬೇಡಿ.

ಐದು ಲಕ್ಷದ ಲೆಕ್ಕವೂ ತಿಳಿದಿರಲಿ. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನವರಿಗೆ ವರ್ಷಕ್ಕೆ ಇಡೀ ಕುಟುಂಬಕ್ಕೆ ಸೇರಿ 5 ಲಕ್ಷ, ಒಬ್ಬೊಬ್ಬರಿಗಲ್ಲ. ಅಜ್ಜನ ಆಪರೇಷನ್ನಿಗೆ ಎರಡು ಲಕ್ಷ ಹೋಗಿದ್ದರೆ ಆ ವರ್ಷ ಕೂಸಿಗೆ ಉಳಿಯುವುದು ಮೂರು. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30 ಮಾತ್ರ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಒಂದು ಲಕ್ಷದ ಪ್ಯಾಕೇಜಾದರೆ ಮೂವತ್ತು ಸಾವಿರ ಸರ್ಕಾರದ್ದು, ಎಪ್ಪತ್ತು ಸಾವಿರ ನಿಮ್ಮದು.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ಕೂಸಿನ ಹೆಸರು. ರೇಷನ್ ಕಾರ್ಡ್ ಆದ ಮೇಲೆ ಹುಟ್ಟಿದ ಮಕ್ಕಳು ಅದರಲ್ಲಿ ತಾವಾಗಿಯೇ ಸೇರುವುದಿಲ್ಲ. ಸೇರಿಸಲಿಕ್ಕೆ ಜನನ ಪ್ರಮಾಣಪತ್ರ ಬೇಕು. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ದಂಡ, ಆಮೇಲೆ ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಇದಕ್ಕೆ ಕೋರ್ಟಿಗೆ ಅಲೆಯಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಈ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರಿಗೆ, ಜಿಲ್ಲಾ ಮ್ಯಾಜಿಸ್ಟ್ರೇಟರು ಸೂಚಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಇನ್ನೂ "ವಕೀಲರ ಫೀ" ಎಂದು ಸಾವಿರಾರು ಕೇಳುವವರಿದ್ದಾರೆ, ಮೊದಲು ತಹಶೀಲ್ ಕಚೇರಿಯಲ್ಲಿ ವಿಚಾರಿಸಿ.

ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲಿಕ್ಕೆ ಹೋದವರಿಗೆ ಇನ್ನೊಂದು ತೊಡಕಿದೆ. ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಸ್ಥಳದಲ್ಲಿ, ತಂದೆಯ ಊರಿನಲ್ಲಿ ಅಲ್ಲ. ಪುಣೆಯಲ್ಲಿ ಹೆರಿಗೆಯಾದರೆ ಪತ್ರ ಅಲ್ಲಿಯ ಪಾಲಿಕೆಯಿಂದಲೇ ತರಬೇಕು. ಊರಿಗೆ ಮರಳಿದ ಮೇಲೆ ಅದಕ್ಕಾಗಿ ಮತ್ತೆ ರೈಲು ಹತ್ತುವುದಕ್ಕಿಂತ ಅಲ್ಲಿಂದ ಹೊರಡುವ ಮುಂಚೆಯೇ ಪಡೆದುಕೊಳ್ಳಿ. ಆಸ್ಪತ್ರೆಯವರು ಕೂಸಿಗೆ ಹೆಸರಿಡುವ ಮೊದಲೇ "ಬೇಬಿ ಆಫ್" ಎಂದು ತಾಯಿಯ ಹೆಸರು ಹಚ್ಚಿ ನೋಂದಾಯಿಸಿರುತ್ತಾರೆ. ತೊಟ್ಟಿಲ ಕಾರ್ಯ ಆದ ಮೇಲೆ ನಿಜ ಹೆಸರು ಸೇರಿಸಬೇಕು. 12 ತಿಂಗಳೊಳಗಾದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಇದನ್ನು ಬಿಟ್ಟರೆ ಜನನ ಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಅಂಗನವಾಡಿ ಪುಸ್ತಕದಲ್ಲಿ ಮತ್ತೊಂದು. ಆಸ್ಪತ್ರೆಯ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮಕ್ಕಳು.

ಆಧಾರ್ ವಿಷಯ. ಐದು ವರ್ಷದೊಳಗಿನವರಿಗೆ ಬೆರಳಚ್ಚು ಇಲ್ಲದ ನೀಲಿ ಬಾಲ ಆಧಾರ್, ತಂದೆ ಅಥವಾ ತಾಯಿಯ ಆಧಾರಿಗೆ ಜೋಡಿಸಿದ್ದು. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಲೇಬೇಕು, 15ಕ್ಕೆ ಮತ್ತೊಮ್ಮೆ. ಏಳು ದಾಟಿದರೂ ಮಾಡಿಸದಿದ್ದರೆ ಆಧಾರ್ ನಿಷ್ಕ್ರಿಯವಾಗಬಹುದು. ಹಾಗಾದರೆ ಅದು ಗೊತ್ತಾಗುವುದು ಆಸ್ಪತ್ರೆಯಲ್ಲಿ, ಜ್ವರದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಾಗ.

ರೇಷನ್ ಕಾರ್ಡಿಗೆ ಹೆಸರು ಸೇರಿಸುವ ತಿದ್ದುಪಡಿ ಎಲ್ಲ ದಿನ ತೆರೆದಿರುವುದಿಲ್ಲ, ಸರ್ವರ್ ಬಿಟ್ಟಾಗ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಹಾಕಬೇಕು. ಸ್ವೀಕೃತಿ ಚೀಟಿ ಇಲ್ಲದೆ ಎದ್ದು ಬರಬೇಡಿ. ಹೆಸರು ಬಂದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಾತ್ರಿ, ಬಾಕಿ ಇದೆಯೇ ಕೇಳಿ. ಕೂಸು ಆರೋಗ್ಯವಾಗಿದ್ದಾಗ ಮಾಡಿಸುವ ಕೆಲಸ ಇದು. ಅಡ್ಮಿಟ್ ಆದ ಮೇಲೆ ಓಡಾಡಿದರೆ ನಿಮ್ಮ ಅವಸರಕ್ಕೆ ಸರ್ವರ್ ತೆರೆಯುವುದಿಲ್ಲ.

ಮುಂದಿನ ಎಡವಟ್ಟು ರೆಫರಲ್. ಕಾರ್ಡ್ ಸರಿಯಿದ್ದರೂ ಸೀದಾ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಅಥವಾ ನಿಮ್ಮ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲವಾದರೆ ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ರೆಫರಲ್ ಬೇಡ. ಆದರೆ "ತುರ್ತು" ಎಂದು ನಿಮಗೆ ಅನ್ನಿಸಿದರೆ ಸಾಲದು, ಆಸ್ಪತ್ರೆಯವರು ಆ ಪಟ್ಟಿಯ ಸಂಕೇತ ಹಾಕಿ ಒಪ್ಪಿಗೆ ಕೇಳಬೇಕು. ಒಳಗೆ ಹೋದ ಕೂಡಲೇ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಎಲ್ಲಿ ಕೂಡುತ್ತಾರೆ ಎಂದು ಕೇಳಿ, ಬಿಲ್ಲಿಂಗ್ ಕೌಂಟರಿಗೆ ಆಮೇಲೆ ಹೋಗಿ. ಹೃದಯದ ತೊಂದರೆಗೆ ನೋಂದಾಯಿತವಾದ ಆಸ್ಪತ್ರೆ ಮೂಳೆಗೆ ನೋಂದಾಯಿತವಾಗಿರಬೇಕೆಂದಿಲ್ಲ. ಬೋರ್ಡ್ ನೋಡಿ ನಂಬದೆ, ಕೂಸಿನ ಕಾಯಿಲೆಯ ಹೆಸರು ಹೇಳಿ ವಿಚಾರಿಸಿ.

ಬರೀ ಹೊರರೋಗಿಯಾಗಿ ತೋರಿಸಿದ ನೆಗಡಿ, ಜ್ವರದ ಖರ್ಚು ಇದರಲ್ಲಿ ಬರುವುದಿಲ್ಲ. ಜನರಲ್ ವಾರ್ಡ್ ಮಾತ್ರ. "ಕೂಸಿಗೆ ಸೋಂಕು ಆಗ್ತದ, ಸ್ಪೆಷಲ್ ರೂಮ್ ತಗೊಳ್ರಿ" ಎಂಬ ಮಾತಿಗೆ ಸಹಿ ಹಾಕಿದರೆ ಬಿಲ್ಲು ನಿಮ್ಮ ಕೈಗೆ ಬರುವ ದಾರಿ ತೆರೆದಂತೆ. ಕನ್ನಡದಲ್ಲಿ ಓದಿ ಹೇಳದ ಕಾಗದಕ್ಕೆ ಸಹಿ ಬೇಡ.

ಗಡಿಯವರಿಗೆ: ಬೀದರ್, ಸೇಡಂ, ಗುರುಮಠಕಲ್ ಕಡೆಯಿಂದ ಹೈದರಾಬಾದ್, ಆಳಂದ, ಅಫಜಲಪುರದಿಂದ ಸೊಲ್ಲಾಪುರ ಹತ್ತಿರ ಎಂದು ಜನ ಕೂಸನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಕರ್ನಾಟಕದ ಕೆಲವು ಕಾರ್ಡುಗಳು ಹೊರರಾಜ್ಯದಲ್ಲಿ ನಡೆಯುವುದಿಲ್ಲ. ಕಾರ್ಡ್ ನಂಬರ್, ಆಸ್ಪತ್ರೆಯ ಹೆಸರು ಎರಡನ್ನೂ ಹೇಳಿ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕೇಳಿದ ಮೇಲೆಯೇ ಗಾಡಿ ಮಾಡಿ.

ಮತ್ತೆ ಆ ಯಾದಗಿರಿಯ ಕೂಸಿನ ವಿಷಯ. ನಿಜ ಹೇಳಬೇಕೆಂದರೆ ಅದಕ್ಕೆ ಏಜೆಂಟನ ಕಾರ್ಡೂ ಬೇಕಿರಲಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಇದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು 18 ವರ್ಷದೊಳಗಿನವರನ್ನು ತಪಾಸಿಸುತ್ತದೆ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿ, ಸೊಟ್ಟಪಾದ, ಕಿವುಡು ಇವೆಲ್ಲ ಅದರ ಪಟ್ಟಿಯಲ್ಲಿವೆ, ಶಸ್ತ್ರಚಿಕಿತ್ಸೆಯೂ ಉಚಿತ. ತಂಡ ಬಂದ ದಿನ ಕೂಸು ಹೊಲದಲ್ಲೋ ಅಜ್ಜಿಯ ಊರಲ್ಲೋ ಇದ್ದರೆ ತಪ್ಪಿಹೋಗುತ್ತದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ಮುಂದಿನ ದಿನಾಂಕ ತಿಳಿದುಕೊಳ್ಳಿ. ಅಲ್ಲಿವರೆಗೆ ಕಾಯುವುದಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಳ್ಳಿ. ಒಂದು ವರ್ಷದೊಳಗಿನ ಕೂಸಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ತಪಾಸಣೆ, ಗಾಡಿ ಎಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಪುಕ್ಕಟೆ.

ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರು ಸಂಬಳ ಚೀಟಿ ನೋಡಿಕೊಳ್ಳಿ. ತಿಂಗಳಿಗೆ 21,000ದ ಒಳಗಿದ್ದು ಶೇ. 0.75 ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಮಕ್ಕಳಿಗೂ ಚಿಕಿತ್ಸೆ ಉಂಟು. ಆದರೆ ಕುಟುಂಬದ ವಿವರದಲ್ಲಿ ಕೂಸಿನ ಹೆಸರು ಸೇರಿಸಿರಬೇಕು, ಗುತ್ತಿಗೆದಾರರು ಎಷ್ಟೋ ಸಲ ಅದನ್ನು ಮಾಡಿರುವುದಿಲ್ಲ.

ರೊಕ್ಕ ಈಗಾಗಲೇ ಕಟ್ಟಿದ್ದೀರಾ? ಯೋಜನೆಯಡಿ ಒಪ್ಪಿಗೆ ಸಿಕ್ಕ ಚಿಕಿತ್ಸೆಗೇ ಆಸ್ಪತ್ರೆ ಬೇರೆ ಹಣ ಪಡೆದಿದ್ದರೆ ಅದು ನಿಯಮಬಾಹಿರ, ಅದರ ಮೇಲೆ ದೂರು ನಡೆಯುತ್ತದೆ. ಟ್ರಸ್ಟಿನ ಸಹಾಯವಾಣಿ 1800 425 8330ಕ್ಕೆ ಹೇಳಿ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರಹದಲ್ಲೂ ಕೊಡಿ. ಜೊತೆಗೆ ರೆಫರಲ್, ಡಿಸ್ಚಾರ್ಜ್ ಚೀಟಿ, ಪ್ರತಿ ರಸೀದಿಯ ಜೆರಾಕ್ಸ್ ಹಚ್ಚಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ರಸೀದಿ ಕೊಡದಿದ್ದರೆ ಫೋನ್‌ಪೇಯ ದಾಖಲೆಯಾದರೂ ಕೈಯಲ್ಲಿರುತ್ತದೆ, ಹಾಗಾಗಿ ಕೊಡಲೇಬೇಕಾದ ಹೊತ್ತಿನಲ್ಲಿ ನಗದು ಕೊಡಬೇಡಿ, ಆಸ್ಪತ್ರೆಯ ಖಾತೆಗೇ ಹಾಕಿ.