ಹವಳದ ಉಂಗುರದೊಳಗೆ ಹಾಯಿದೋಣಿ: ಓಪನ್‌ಸಿಪಿಎನ್ ಅನ್ನು ಎಲ್ಲಿಯವರೆಗೆ ನಂಬಬಹುದು?

ಫ್ರೆಂಚ್ ಪಾಲಿನೇಷ್ಯಾದ ಟುಆಮೋಟು ಸಮೂಹದಲ್ಲಿ ಸುಮಾರು 80 ಅಟಾಲ್‌ಗಳಿವೆ, ಅಂದರೆ ನಡುವೆ ಲಗೂನ್ ಎಂಬ ಒಳಗಡಲು ಇರುವ ಹವಳದ ಉಂಗುರಗಳು. ಅಲ್ಲಿ ಬಹುಪಾಲು ಕಡೆ ತೆಂಗಿನ ತುದಿಗಿಂತ ಎತ್ತರದ್ದು ಏನೂ ಇಲ್ಲ. 8–10 ನಾಟಿಕಲ್ ಮೈಲಿ ಹತ್ತಿರವಾಗುವ ತನಕ ದ್ವೀಪವೇ ಕಾಣುವುದಿಲ್ಲ. ಇಂಥ ಕಡೆಗೆ ಹೋಗುವ ಹಾಯಿದೋಣಿಗಳಲ್ಲಿ ಹಲವರು ಬಳಸುವ ನಕ್ಷೆ ತಂತ್ರಾಂಶ ಓಪನ್‌ಸಿಪಿಎನ್. ಉಚಿತ, ಓಪನ್ ಸೋರ್ಸ್, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದಾರಿ ಯೋಜಿಸಲು ಇದಕ್ಕೆ ಪೂರ್ತಿ ಅಂಕ ಕೊಡಬಹುದು. ಪಾಸಿನ, ಅಂದರೆ ಉಂಗುರದೊಳಗೆ ದೋಣಿ ನುಗ್ಗುವ ಕಿಂಡಿಯ, ಬಾಯಿಗೆ ಬಂದಾಗ ಮಾತ್ರ ಅರ್ಧ ಅಂಕ. ಕಾರಣ ಮುಂದೆ ಹೇಳುತ್ತೇವೆ.

ಇದರ ದೊಡ್ಡ ಬಲ ಎಂಬಿಟೈಲ್ಸ್, ಅಂದರೆ ನಕ್ಷೆಯ ಚಿತ್ರಗಳನ್ನು ಚೌಕ ತುಂಡುಗಳಾಗಿ ಒಂದೇ ಫೈಲಿನಲ್ಲಿಡುವ ರೂಪ. 5.0 ಆವೃತ್ತಿಯಿಂದ ಉಪಗ್ರಹ ಚಿತ್ರಗಳನ್ನು ಈ ರೂಪದಲ್ಲಿ ನೇರವಾಗಿ ನಕ್ಷೆಯಂತೆ ತೆರೆಯಬಹುದು. ಇಂಟರ್ನೆಟ್ ಇರುವ ಬಂದರಿನಲ್ಲೇ ಚಿತ್ರ ಇಳಿಸಿಕೊಳ್ಳಬೇಕು (ಚಿತ್ರ ಕೊಡುವ ಸೇವೆಯ ಷರತ್ತು ಓದಿಕೊಳ್ಳಿ). ಇಡೀ ಲಗೂನಿಗೆ ಝೂಮ್ ಹಂತ 14 ಸಾಕು (ಅಂಕಿ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ). ಪಾಸ್, ಒಳದಾರಿ, ಲಂಗರು ಹಾಕುವ ಜಾಗಕ್ಕೆ 17 ಬೇಕು. ಝೂಮ್ 14ರಲ್ಲಿ ಒಂದು ಚುಕ್ಕೆ (ಪಿಕ್ಸೆಲ್) ಎಂದರೆ 9 ಮೀಟರಿಗೂ ಹೆಚ್ಚು, ಅಂದರೆ 10 ಮೀಟರ್ ಅಗಲದ ಹವಳದ ದಿಬ್ಬ ಒಂದೇ ಚುಕ್ಕೆಯಾಗಿ ಕಳೆದುಹೋಗುತ್ತದೆ. 17ರಲ್ಲಿ ಅದೇ ದಿಬ್ಬ ಎಂಟು ಚುಕ್ಕೆ ಅಗಲವಾಗಿ ಎದ್ದು ಕಾಣುತ್ತದೆ. ಪ್ರತಿ ಹಂತಕ್ಕೂ ಫೈಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳೆಯುವುದರಿಂದ ಎಲ್ಲವನ್ನೂ 17ರಲ್ಲಿ ಇಳಿಸಲು ಹೋಗಬೇಡಿ.

ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಆಯ್ಕೆಗಳಲ್ಲಿ ಆ ಫೋಲ್ಡರ್ ಸೇರಿಸಿ, ಪ್ರತ್ಯೇಕ ಚಾರ್ಟ್ ಗ್ರೂಪ್ ಮಾಡಿ. ಆಮೇಲೆ ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಅಧಿಕೃತ ನಕ್ಷೆ, ಬಲಕ್ಕೆ ಉಪಗ್ರಹ ಚಿತ್ರ ಇಡಿ. ಎರಡರಲ್ಲೂ ನಿಮ್ಮ ದೋಣಿ ಒಂದೇ ಜಾಗದಲ್ಲಿ ಕಾಣದಿದ್ದರೆ ಹಳೆಯ ಸರ್ವೆಯ ನಕ್ಷೆ ಪಕ್ಕಕ್ಕೆ ಜರುಗಿದೆ ಎಂದು ಅನುಮಾನಿಸಿ. ಚಿತ್ರವೂ ಜರುಗಿರಬಹುದು. ಜೆಟ್ಟಿಯ ತುದಿಯಂಥ ಗಟ್ಟಿ ಗುರುತಿನ ಪಕ್ಕ ನಿಂತಾಗ ಜಿಪಿಎಸ್‌ನೊಂದಿಗೆ ಹೋಲಿಸಿ ನೋಡುವುದೊಂದೇ ಪರೀಕ್ಷೆ.

ದೋಷಗಳಲ್ಲಿ ಮೊದಲನೆಯದು ಅತಿಝೂಮ್. ಚಿತ್ರದ ಮಿತಿ ಮೀರಿ ಹಿಗ್ಗಿಸಿದರೂ ತಂತ್ರಾಂಶ ತೋರಿಸುತ್ತಲೇ ಇರುತ್ತದೆ. ಮಸುಕಿನಲ್ಲಿ ದಾರಿ ಇದ್ದಂತೆ ಭಾಸವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಕಡಿಮೆ ಝೂಮಿನಲ್ಲಿ ವೆಕ್ಟರ್ ನಕ್ಷೆ (ಚಿತ್ರವಲ್ಲದೆ ದತ್ತಾಂಶದಿಂದ ಗೆರೆ-ಗುರುತು ಬಿಡಿಸುವ ನಕ್ಷೆ) ದಿಬ್ಬಗಳನ್ನೇ ಅಡಗಿಸುತ್ತದೆ. ಇದು ಎಲ್ಲ ಎಲೆಕ್ಟ್ರಾನಿಕ್ ನಕ್ಷೆಗಳ ಕಾಯಿಲೆ. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸಿನ ವೆಸ್ಟಾಸ್ ವಿಂಡ್ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಹೋಸ್ ಹವಳದ ದಂಡೆಗೆ ಬಡಿದಾಗ ಸಿಬ್ಬಂದಿ ಸಾಕಷ್ಟು ಝೂಮ್ ಮಾಡಿ ನೋಡಿರಲಿಲ್ಲ. ಹಾಗಾಗಿ ಹಾಕಿದ ಮಾರ್ಗದ ಮೇಲೆ ಮೈಲಿ ಮೈಲಿಯಾಗಿ ಝೂಮ್ ಮಾಡುತ್ತಾ ಹೋಗುವುದು ಕಡ್ಡಾಯ.

ಎರಡನೆಯದು ಹೆಚ್ಚು ಗಂಭೀರ. ಪಾಸಿನ ಸೆಳೆತ ಈ ಪರದೆಯಲ್ಲಿ ಇಲ್ಲ. ಉಬ್ಬರ-ಇಳಿತ ಅರ್ಧ ಮೀಟರಿನಷ್ಟೇ ಇದ್ದರೂ ಪಾಸಿನಲ್ಲಿ ನೀರು 6 ನಾಟ್ ವೇಗದಲ್ಲಿ ಹೊರನುಗ್ಗಬಹುದು, ಏಕೆಂದರೆ ದಕ್ಷಿಣದಿಂದ ಬರುವ ದೊಡ್ಡ ಅಲೆ ತಗ್ಗು ದಂಡೆಯ ಮೇಲಿಂದ ಲಗೂನಿಗೆ ನೀರು ಸುರಿಯುತ್ತಲೇ ಇರುತ್ತದೆ, ಆ ನೀರಿಗೆಲ್ಲ ಹೊರಹೋಗಲು ಇರುವುದು ಒಂದೋ ಎರಡೋ ಬಾಗಿಲು. ಅಲೆ ಜೋರಿದ್ದ ದಿನ ಒಳಸೆಳೆತವೇ ಹುಟ್ಟದೆ ಇಡೀ ದಿನ ಹೊರಸೆಳೆತವಿರುತ್ತದೆ. ಉಬ್ಬರದ ಕೋಷ್ಟಕ ಅಂದು ಸುಳ್ಳು. ಇದೇ ಸಮೂಹದ ಫಕರಾವಾ ಅಟಾಲಿನ ಉತ್ತರದ ಗರುಆಯೆ ಪಾಸ್ ಬಹಳ ಅಗಲವಿದ್ದು ಅಂಚಿನತ್ತ ಸರಿಯಲು ಜಾಗವಿದೆ. ಕಿರಿದಾದ ಪಾಸುಗಳಲ್ಲಿ ಆ ಅವಕಾಶವಿಲ್ಲ. ನಮ್ಮ ಕರಾವಳಿಯ ಅಳಿವೆ ಬಾಗಿಲಲ್ಲಿ ಗಾಳಿಗೆ ಎದುರಾಗಿ ಇಳಿತದ ನೀರು ಹೊರಡುವಾಗ ಏಳುವ ತೆರೆ ನೋಡಿದವರಿಗೆ ಇಲ್ಲಿನ ನಿಂತ ಅಲೆಗಳ ಅಂದಾಜು ಸಿಗುತ್ತದೆ.

ಆದ್ದರಿಂದ ಹೊರಗೆ ಅರ್ಧ ಮೈಲಿ ದೂರದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿ. ಪಾಸಿನ ಅಡ್ಡಕ್ಕೂ ಬಿಳಿ ನೊರೆ ಇದ್ದರೆ ಕಾಯಿರಿ. ಒಳಗೆ ಹೋಗುವಾಗ ಜಿಪಿಎಸ್ ವೇಗವನ್ನು (ನೆಲದ ಮೇಲಿನದು) ಲಾಗ್ ವೇಗದ ಜೊತೆ (ನೀರಿಗೆ ಹೋಲಿಸಿ ದೋಣಿಯ ಮಾಪಕ ತೋರಿಸುವುದು) ಹೋಲಿಸಿ. ಎಂಜಿನ್ 5 ನಾಟ್ ಕೊಡುವಾಗ ನೆಲದ ಮೇಲೆ 3 ಇದ್ದರೆ ಎದುರುಸೆಳೆತ 2. ಇಷ್ಟಿದ್ದರೆ ಒಳ್ಳೆಯದೇ, ಚುಕ್ಕಾಣಿ ಚೆನ್ನಾಗಿ ಹಿಡಿಯುತ್ತದೆ. 4 ದಾಟಿದರೆ ಹಿಂದಿರುಗಿ.

ಲಗೂನಿನೊಳಗೆ ಪರದೆಗಿಂತ ಕಣ್ಣು ಮುಖ್ಯ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ಸೂರ್ಯ ಬೆನ್ನಿಗಿರುವಂತೆ ಸಾಗಬೇಕು. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂಭಾಗದಲ್ಲಿ ನಿಲ್ಲಬೇಕು. ಕಡುನೀಲಿ ಆಳ, ತಿಳಿಹಸಿರು ಮರಳಿನ ಮೇಲಿನ ತೆಳುನೀರು, ಕಂದು-ಹಳದಿ ಎಂದರೆ ಹವಳ ತೀರಾ ಮೇಲಿದೆ. ಮೋಡದ ನೆರಳೂ ದಿಬ್ಬದಂತೆ ಕಾಣುತ್ತದೆ, ಆದರೆ ಅದು ಚಲಿಸುತ್ತದೆ. ಉಪಗ್ರಹ ಚಿತ್ರದಲ್ಲಿ ಮೋಡ ಮುಚ್ಚಿದ ಭಾಗಕ್ಕೆ ಮಾರ್ಗವನ್ನೇ ಹಾಕಬೇಡಿ.

ಹೊರಗಿನಿಂದ ಲಂಗರಿನವರೆಗೆ ಟ್ರ್ಯಾಕ್ (ದೋಣಿ ಸಾಗಿದ ಗೆರೆ) ದಾಖಲಾಗಲಿ. ಈ ಸೌಲಭ್ಯಕ್ಕೆ ನಮ್ಮ ಮೆಚ್ಚುಗೆ ಪೂರ್ತಿ: ಬೆಳಿಗ್ಗೆ ಬೇಗ ಹೊರಡಬೇಕಾಗಿ ಬಂದು ಬಿಸಿಲು ಕಣ್ಣಿಗೆ ರಾಚುತ್ತಿದ್ದರೂ, ಬಂದ ಗೆರೆಯ ಮೇಲೆಯೇ ಪಾಸಿನವರೆಗೆ ಹಿಂದಿರುಗಬಹುದು.