‘ಮೂರು ದಿನ ಮುಂಚೆಯೇ ಆಡಿ’ ಅಂದ್ರೆ ಸ್ವಲ್ಪ ತಡೀರಿ

ದೊಡ್ಡ ಫ್ಯಾಂಟಸಿ ಆರ್‌ಪಿಜಿ (ನಾವೇ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್) ಒಂದು ಬಿಡುಗಡೆಗೆ ಹತ್ತಿರ ಬಂತು ಅಂದ್ರೆ ಸಾಕು, ಸ್ಟೋರ್ ಪುಟದಲ್ಲಿ ಮೂರು ಎಡಿಷನ್ ಸಾಲಾಗಿ ನಿಂತಿರುತ್ತವೆ. ಸ್ಟ್ಯಾಂಡರ್ಡ್, ಡೀಲಕ್ಸ್, ಅದರ ಮೇಲೆ ಇನ್ನೊಂದು. ದುಡ್ಡು ಜಾಸ್ತಿ ಕೊಟ್ಟವರಿಗೆ ಒಂದು ರಕ್ಷಾಕವಚ, ಒಂದು ಕುದುರೆ, ಜೊತೆಗೆ ಎಲ್ಲರಿಗಿಂತ ಮುಂಚೆ ಆಡುವ ಅವಕಾಶ. ಕವಚ, ಕುದುರೆ ಹಾಳಾಗಿ ಹೋಗಲಿ. ನಾನು ಹೇಳಬೇಕಾಗಿರುವುದು ಆ ‘ಮುಂಚೆ’ಯ ಬಗ್ಗೆ. ನನ್ನ ದುಡ್ಡು ಮುಳುಗಿದ್ದು ಅಲ್ಲೇ.

ಆಟದ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಆಟ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕೆ ತಿರುಗುತ್ತದೆ. ನನ್ನ ತಕರಾರು ಇರುವುದು ಅದನ್ನು ಮಾರಿದ ರೀತಿಯ ಮೇಲೆ.

ಆಗಿದ್ದು ಹೀಗೆ. ಬಾಗಿಲು ತೆರೆದ ರಾತ್ರಿಯೇ ಆಟ ಶುರು ಮಾಡಿದೆ. ಮೊದಲು ಬಂದದ್ದು ಶೇಡರ್ ಕಂಪೈಲ್ ಆಗುವ ಪರದೆ, ಅಂದ್ರೆ ಆಟ ತನ್ನ ಗ್ರಾಫಿಕ್ಸನ್ನು ನನ್ನ ಪಿಸಿಗೆ ಹೊಂದಿಸಿಕೊಳ್ಳುವ ತಯಾರಿ. ಒಂದು ಪಟ್ಟಿ ಆಮೆಯಂತೆ ತೆವಳುತ್ತಿದೆ, ಪಿಸಿಯ ಫ್ಯಾನ್ ಬೊಬ್ಬೆ ಹೊಡೆಯುತ್ತಿದೆ. ಅದು ಮುಗಿದ ಮೇಲೆ ಪಾತ್ರ ರಚನೆ. ಆರ್‌ಪಿಜಿ ಆಡುವವರಿಗೆ ಈ ಹುಚ್ಚು ಗೊತ್ತೇ ಇರುತ್ತದೆ. ಮೂಗು ಸ್ವಲ್ಪ ಚೂಪು ಮಾಡು, ಹುಬ್ಬಿನ ಮೇಲೊಂದು ಗಾಯದ ಗುರುತು ಇಡು, ಕೊಂಬು ಬೇಕಾ ಬೇಡವಾ ಯೋಚಿಸು, ಬೆಳಕು ಬದಲಾಯಿಸಿ ನೋಡು, ಮತ್ತೆ ಮೂಗಿಗೆ ಬಾ. ಇದೂ ಆಟದ ಖುಷಿಯೇ ಅಲ್ವಾ? ಆದರೆ ಸ್ಟೋರ್‌ನ ಗಡಿಯಾರಕ್ಕೆ ಇದೆಲ್ಲ ‘ಆಡಿದ ಸಮಯ’. ಶೇಡರ್ ಪಟ್ಟಿ ನೋಡುತ್ತಾ ಕೂತದ್ದೂ ಆಡಿದ ಸಮಯವೇ.

ಆಮೇಲೆ ಪೀಠಿಕೆ. ಗುಹೆ, ಕತ್ತಿ ಬೀಸುವ ಪಾಠ, ಒಬ್ಬ ಚಿಕ್ಕ ಬಾಸ್ (ದೊಡ್ಡ ಶತ್ರು) ಜೊತೆ ಕಾಳಗ. ಇಷ್ಟೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ನಡೆಯಲೇಬೇಕು ಬಿಡಿ, ಮಾರ್ಕೆಟಿಂಗ್‌ನವರು ವರ್ಷವಿಡೀ ತೋರಿಸಿದ್ದು ಅದೇ ಜಾಗ. ಗುಹೆಯಿಂದ ಹೊರಗೆ ಬಂದು ಮೊದಲ ದೊಡ್ಡ ಊರಿಗೆ ಕಾಲಿಟ್ಟೆ ನೋಡಿ, ಬಣ್ಣ ಬಯಲಾಯಿತು. ಸಂತೆ ಬೀದಿಯಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕ) ಕುಂಟತೊಡಗಿತು. ಒಬ್ಬ ವ್ಯಾಪಾರಿ ಬಾಯಿ ಆಡಿಸುತ್ತಿದ್ದಾನೆ, ದನಿ ಇಲ್ಲ. ತಲೆ ಬೋಳು. ಕೂದಲು ನಿಧಾನವಾಗಿ ಆಮೇಲೆ ಬಂದು ತಲೆ ಮೇಲೆ ಕೂತಿತು. ನಕ್ಕೆ. ದೋಣಿ ಕಟ್ಟೆಯ ಹತ್ತಿರ ಆಟ ಕ್ರ್ಯಾಶ್ ಆಗಿ ಡೆಸ್ಕ್‌ಟಾಪ್ ಕಂಡಾಗ ನಗು ನಿಂತಿತು. ಮತ್ತೆ ತೆರೆದರೆ ಆಟೋ ಸೇವ್ ಹಾಳಾಗಿದೆ. ಹಳೆಯ ಸೇವ್‌ನಿಂದ ಹೊರಟರೆ ಮುಖ್ಯ ಕ್ವೆಸ್ಟ್ (ಕಥೆ ಮುಂದೆ ಸಾಗಿಸುವ ಕೆಲಸ) ಕೊಡಬೇಕಾದ ಮುದುಕಿ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಮಾತೇ ಆಡುವುದಿಲ್ಲ.

ರಿಫಂಡ್ ಕೇಳಿದೆ. ಯಂತ್ರ ಬರೆದಂಥ ಉತ್ತರ ಬಂತು: ಆಡಿದ ಸಮಯ ಮಿತಿ ಮೀರಿದೆ. ಆಟದ ಸಪೋರ್ಟ್‌ನವರಿಗೆ ಬರೆದೆ. ಅವರ ಉತ್ತರ ಇನ್ನೂ ಚೆನ್ನಾಗಿತ್ತು. ಬಿಡುಗಡೆ ದಿನ ದೊಡ್ಡ ಪ್ಯಾಚ್ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ ಅಂತ! ಅಂದರೆ ಏನರ್ಥ? ಜಾಸ್ತಿ ದುಡ್ಡು ಕೊಟ್ಟವರಿಗೆ ಪ್ಯಾಚ್ ಇಲ್ಲದ ಆಟ, ಕಡಿಮೆ ಕೊಟ್ಟು ಸುಮ್ನೆ ಕೂತವರಿಗೆ ರಿಪೇರಿಯಾದ ಆಟ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಕೊಡುವ ಕೆಲಸಕ್ಕೆ ಸೇರಿಕೊಂಡ ಹಾಗಾಯಿತು.

ಈ ಗಡಿಯಾರದ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಸ್ಟೋರ್‌ನ ಸಾಮಾನ್ಯ ನಿಯಮ ಏನೆಂದರೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರಿಫಂಡ್. ಮೊದಲು ಬಿಡುಗಡೆಗೆ ಮುಂಚಿನ ದಿನಗಳಲ್ಲಿ ಆಡಿದ್ದು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಆ ಕಿಂಡಿ ಮುಚ್ಚಿದರು. ಈಗ ಮುಂಚೆ ಆಡಿದರೂ ಗಂಟೆ ಓಡುತ್ತಲೇ ಇರುತ್ತದೆ. ಪ್ಲೇಸ್ಟೇಷನ್ ಸ್ಟೋರ್ ಇನ್ನೂ ಬಿಗಿ. ಅಲ್ಲಿ ಡೌನ್‌ಲೋಡ್ ಶುರುವಾಯಿತು ಅಂದ್ರೆ, ಆಟದಲ್ಲೇ ದೋಷ ಇದ್ದರೆ ಬಿಟ್ಟು ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ. ನೂರು ಗಂಟೆಯ ಆಟವನ್ನು ಎರಡು ಗಂಟೆಯಲ್ಲಿ ಅಳೆಯುವುದು ಮೊದಲೇ ಕಷ್ಟ. ಅದರಲ್ಲಿ ಅರ್ಧ ಹೊತ್ತು ಮೂಗು ತಿದ್ದುವುದರಲ್ಲೇ ಹೋದರೆ ಊರು ಮುಟ್ಟುವ ಮೊದಲೇ ಬಾಗಿಲು ಮುಚ್ಚಿರುತ್ತದೆ.

‘ಆ ಸ್ಟುಡಿಯೋ ಮೇಲೆ ನನಗೆ ನಂಬಿಕೆ ಇದೆ’ ಅನ್ನುವವರಿಗೆ ಒಂದು ಹಳೆಯ ಕಥೆ ನೆನಪಿಸುತ್ತೇನೆ. ವಿಚರ್ 3 ಮಾಡಿದವರ ಮೇಲೆ ಎಲ್ಲರಿಗೂ ನಂಬಿಕೆ ಇತ್ತು. ಆ ಆಟದ ವಿಷಯದಲ್ಲೂ 2013ರಲ್ಲಿ ತೋರಿಸಿದ ಟ್ರೈಲರ್‌ನ ಗ್ರಾಫಿಕ್ಸ್ 2015ರ ಮೇನಲ್ಲಿ ಕೈಗೆ ಬಂದ ಆಟದಲ್ಲಿ ಇಲ್ಲ ಅಂತ ಗಲಾಟೆ ಆಗಿತ್ತು. ಆದರೆ ಆಟ ಅಷ್ಟು ಚೆನ್ನಾಗಿದ್ದುದರಿಂದ ಜನ ಮರೆತರು. ಅದೇ ನಂಬಿಕೆಯ ಮೇಲೆ ಅದೇ ಸ್ಟುಡಿಯೋದ ಸೈಬರ್‌ಪಂಕ್ 2077 ಬಂತು, 2020ರ ಡಿಸೆಂಬರ್ 10ರಂದು. ಫ್ಯಾಂಟಸಿ ಅಲ್ಲ, ಆದರೆ ಪಾಠ ಅದೇ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ರಿವ್ಯೂಗಳಲ್ಲಿ ತಮ್ಮದೇ ಆಟದ ವಿಡಿಯೋ ಹಾಕಲೂ ಆಗ ಬಿಡಲಿಲ್ಲ. ಹಳೆಯ ಕನ್ಸೋಲ್‌ಗಳಲ್ಲಿ (ಪ್ಲೇಸ್ಟೇಷನ್‌ನಂಥ ಆಟದ ಯಂತ್ರಗಳಲ್ಲಿ) ಅದು ಹೇಗೆ ಓಡುತ್ತದೆ ಅಂತ ಕೊಂಡವರಿಗೆ ಮನೆಯಲ್ಲೇ ಗೊತ್ತಾಗಬೇಕಾಯಿತು. ಅದೇ ತಿಂಗಳು ಸೋನಿ ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಆಟವನ್ನು ತೆಗೆದು ಹಾಕಿತು. ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. ಪ್ಯಾಚ್ ಮೇಲೆ ಪ್ಯಾಚ್ ಬಿದ್ದು ಇವತ್ತು ಅದು ಒಳ್ಳೆಯ ಆಟವೇ. ಆದರೆ ಮೊದಲ ದಿನ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಈ ಇವತ್ತಿನ ಆಟ ಅಲ್ಲವಲ್ಲ.

ಬಾಯಿ ಮಾತಿನ ಕಥೆಯಂತೂ ಇನ್ನೂ ಹಳೆಯದು. 2004ರ ಫೇಬಲ್ ಆಟ ಬರುವ ಮುಂಚೆ ಅದರ ರೂವಾರಿ ಪೀಟರ್ ಮೊಲಿನೊ ಹೇಳಿದ್ದೇನು ಗೊತ್ತಾ? ನೀವು ಒಂದು ಓಕ್ ಬೀಜ ನೆಟ್ಟರೆ ಆಟ ಸಾಗಿದ ಹಾಗೆ ಅದು ಮರವಾಗಿ ಬೆಳೆಯುತ್ತದೆ ಅಂತ. ಮರ ಬೆಳೆಯಲಿಲ್ಲ. ಆತ ಕೊನೆಗೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಎಲ್ಡರ್ ಸ್ಕ್ರೋಲ್ಸ್ 6ರ ಟೀಸರ್ 2018ರಲ್ಲಿ ಬಂತು. ಒಂದು ನಿಮಿಷವೂ ಇಲ್ಲ. ಬೆಟ್ಟ, ಮಂಜು, ಸಂಗೀತ, ಹೆಸರು. ಅಷ್ಟಕ್ಕೇ ವರ್ಷಗಟ್ಟಲೆ ಜನ ಅದು ಯಾವ ಸೀಮೆಯ ಬೆಟ್ಟ ಅಂತ ವಾದ ಮಾಡುತ್ತಾ ಕೂತರು. ನಾನೂ ಮಾಡಿದ್ದೇನೆ, ಮಜವಾಗಿಯೇ ಇತ್ತು. ಕಾಯುವುದರಲ್ಲೊಂದು ಸುಖ ಇದೆ, ಅದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ, ಅದಕ್ಕೂ ದುಡ್ಡು ಇಸಿದುಕೊಂಡರು ಅಂದಾಗ ಮಾತ್ರ ನನಗೆ ಉರಿಯುತ್ತದೆ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅರ್ಲಿ ಆಕ್ಸೆಸ್ ಅನ್ನುವುದೂ ಈ ‘ಮುಂಚೆ ಆಡಿ’ ಅನ್ನುವುದೂ ಒಂದೇ ಅಲ್ಲ. ಬಾಲ್ಡರ್ಸ್ ಗೇಟ್ 3 ಆಟವನ್ನು 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಿಟ್ಟಾಗ, ಇದು ಪೂರ್ತಿಯಾಗಿಲ್ಲ, ಮೊದಲ ಅಂಕ ಮಾತ್ರ ಇದೆ, ಬಗ್ ಇರುತ್ತವೆ ಅಂತ ಹೇಳಿಯೇ ಮಾರಿದರು. ಪೂರ್ತಿ ಆಟ ಬಂದದ್ದು 2023ರ ಆಗಸ್ಟ್‌ನಲ್ಲಿ. ಅದರಲ್ಲೂ ಮೂರನೇ ಅಂಕದ ದೊಡ್ಡ ಪಟ್ಟಣದಲ್ಲಿ ಆಟ ಏದುಸಿರು ಬಿಡುತ್ತದೆ ಅಂತ ದೂರುಗಳಿದ್ದವು, ಅದು ಬೇರೆ ಮಾತು. ಕೊಂಡವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು. ನನಗೆ ಮಾರಿದ್ದು ‘ಪೂರ್ತಿಯಾದ ಆಟ’, ಮೇಲೆ ‘ವಿಶೇಷ ಗೌರವ’ ಬೇರೆ.

ಈಗ ನಾನು ಏನು ನೋಡುತ್ತೇನೆ ಅಂದ್ರೆ, ಮೊದಲು ರಿವ್ಯೂ ಎಂಬಾರ್ಗೋ (ಇಂಥ ದಿನದವರೆಗೆ ವಿಮರ್ಶೆ ಹಾಕಬಾರದು ಅನ್ನುವ ತಡೆ) ಯಾವಾಗ ಮುಗಿಯುತ್ತದೆ ಅಂತ. ಡೀಲಕ್ಸ್‌ನವರಿಗೆ ಬಾಗಿಲು ತೆರೆಯುವ ಮುಂಚೆಯೇ ರಿವ್ಯೂ ಬರುತ್ತದೆ ಅಂದ್ರೆ ಕಂಪನಿಗೆ ಧೈರ್ಯ ಇದೆ ಅಂತ ಅರ್ಥ. ಬಾಗಿಲು ತೆರೆದ ಮೇಲೆ ರಿವ್ಯೂ ಅಂದ್ರೆ ನಾನು ಪರ್ಸ್ ಮುಟ್ಟುವುದಿಲ್ಲ. ಆಮೇಲೆ ಯಾವ ಯಂತ್ರದಲ್ಲಿ ಆಡಿದ ವಿಡಿಯೋ ತೋರಿಸುತ್ತಿದ್ದಾರೆ ಅನ್ನುವುದು. ಟ್ರೈಲರ್‌ನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ, ವಿಡಿಯೋ ನಿಲ್ಲಿಸಿ ಓದಿ. ಸಿಸ್ಟಮ್ ರಿಕ್ವೈರ್‌ಮೆಂಟ್ ಪಟ್ಟಿಯಲ್ಲಿ 60 ಫ್ರೇಮ್ ಅಂತ ಬರೆದಿದ್ದರೆ ಅದು ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರ) ಹಾಕಿದ ಮೇಲಿನ ಲೆಕ್ಕವೋ ಹಾಕದೆಯೋ, ಅದನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯ, ಜನ ತುಂಬಿದ ಊರನ್ನು ತೋರಿಸಿದ್ದಾರಾ? ಕಾಡು, ಗುಹೆ, ಡ್ರ್ಯಾಗನ್ ಯಾರು ಬೇಕಾದರೂ ತೋರಿಸುತ್ತಾರೆ. ಊರಿನಲ್ಲಿ ಪ್ರತಿ ಪಾತ್ರದ ಓಡಾಟದ ಲೆಕ್ಕ ಪ್ರೊಸೆಸರ್ ಮೇಲೆ ಬೀಳುತ್ತದೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಡ್ರ್ಯಾಗನ್ಸ್ ಡಾಗ್ಮಾ 2 ಬಂದಾಗ ಪಟ್ಟಣದೊಳಗೆ ಫ್ರೇಮ್ ರೇಟ್ ಕುಸಿಯುತ್ತಿದ್ದುದು ಇದೇ ಕಾರಣಕ್ಕೆ. ಆಟದೊಳಗಿನ ಸಾಮಾನು ಮಾರುವ ಚಿಲ್ಲರೆ ಖರೀದಿಗಳ ಪಟ್ಟಿ ಸ್ಟೀಮ್ ಪುಟದಲ್ಲಿ ಜನರ ಕಣ್ಣಿಗೆ ಬಿದ್ದಿದ್ದೂ ಬಿಡುಗಡೆಯ ದಿನವೇ.

ಪ್ರೀ-ಆರ್ಡರ್ (ಮುಂಗಡ ಖರೀದಿ) ಬೋನಸ್ ಆಗಿ ಕೊಡುವ ಕತ್ತಿ ತಪ್ಪಿಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಆ ಕತ್ತಿ ಹತ್ತನೇ ಗಂಟೆಯ ಹೊತ್ತಿಗೆ ಪೆಟ್ಟಿಗೆ ಸೇರುತ್ತದೆ. ಡಿಜಿಟಲ್ ಆಟಕ್ಕೆ ಸ್ಟಾಕ್ ಮುಗಿಯುವುದೂ ಇಲ್ಲ.

ಈಗಾಗಲೇ ದುಡ್ಡು ಕಟ್ಟಿ ಕೂತಿದ್ದೀರಾ? ಹಾಗಾದರೆ ಇವತ್ತೇ ಎರಡು ಕೆಲಸ ಮಾಡಿ. ಕನ್ಸೋಲ್‌ನಲ್ಲಿದ್ದರೆ ಪ್ರೀ-ಆರ್ಡರ್‌ನ ಆಟೋ ಡೌನ್‌ಲೋಡ್ ಆಫ್ ಮಾಡಿ, ನಿಮ್ಮ ಸ್ಟೋರ್‌ನ ರದ್ದತಿ ನಿಯಮವನ್ನು ಒಂದು ಸಲ ಪೂರ್ತಿ ಓದಿ. ಸ್ಟೀಮ್‌ನಲ್ಲಿದ್ದರೆ ಬಿಡುಗಡೆಯಾಗುವ ತನಕ ಯಾವಾಗ ಬೇಕಾದರೂ ರದ್ದು ಮಾಡಿ ದುಡ್ಡು ವಾಪಸ್ ಪಡೆಯಬಹುದು, ಆದರೆ ಮುಂಚಿನ ದಿನಗಳಲ್ಲಿ ಆಟ ತೆರೆದರೆ ಆ ಎರಡು ಗಂಟೆಯ ಲೆಕ್ಕ ಶುರುವಾಗುತ್ತದೆ. ತೆರೆಯಲೇಬೇಕು ಅನ್ನಿಸಿದರೆ ಪಾತ್ರ ರಚನೆಯಲ್ಲಿ ಮೊದಲು ಸಿಕ್ಕ ಮುಖವನ್ನೇ ಆರಿಸಿಕೊಂಡು ನೇರವಾಗಿ ಊರಿಗೆ ಓಡಿ.