ಹೆಪಟೈಟಿಸ್ ಬಿ ಕಾರ್ಡ್ ಟೆಸ್ಟ್: ಐದಕ್ಕೆ ಮೂರೂವರೆ

ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ನಡುವೆ ಪುಟ್ಟ ಕಿಟಕಿ, ಪಕ್ಕದಲ್ಲಿ ಸಿ (ಕಂಟ್ರೋಲ್) ಮತ್ತು ಟಿ (ಟೆಸ್ಟ್). ಆಪರೇಷನ್ನಿಗೆ ಮುಂಚೆಯೋ ಬಸುರಿಯರ ತಪಾಸಣೆಯಲ್ಲೋ ದಾವಣಗೆರೆಯ ಸಣ್ಣ ಲ್ಯಾಬ್‌ನವರು ಲಿವರ್‌ಗೆ ತಗಲುವ ವೈರಸ್ ಹೆಪಟೈಟಿಸ್ ಬಿ ನೋಡಿದ್ದೇವೆ ಅಂದರೆ ಸಾಮಾನ್ಯವಾಗಿ ಇದೇ ಕಾರ್ಡ್. ಕೆಲವು ರಿಪೋರ್ಟಿನಲ್ಲಿ ‘ಆಸ್ಟ್ರೇಲಿಯಾ ಆಂಟಿಜನ್’ ಎಂದು ಅಚ್ಚಾಗಿರುತ್ತದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ಲೂಮ್‌ಬರ್ಗ್ ಈ ಆಂಟಿಜನ್ನನ್ನು, ಅಂದರೆ ವೈರಸ್ಸಿನ ಹೊದಿಕೆಯ ಪ್ರೋಟೀನನ್ನು, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡಿದ್ದರಿಂದ ಬಂದ ಹೆಸರದು. ಬೇರೆ ಟೆಸ್ಟ್ ಮಾಡಿದ್ದಾರೆಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಕಾರ್ಡ್ ಅಗ್ಗ, ಬೇಗ. ಖಾಲಿ ಹೊಟ್ಟೆ ಬೇಕಿಲ್ಲ, ಬೆಣ್ಣೆದೋಸೆ ತಿಂದೇ ಹೋಗಬಹುದು. ಕೆಡುವುದು ಕೈಯಲ್ಲಿ. ಮೊಹರು ಒಡೆದ ಪೊಟ್ಟಣ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ನಿಮ್ಮೆದುರೇ ಒಡೆಯಲಿ. ಹೆಚ್ಚಿನ ಕಿಟ್‌ಗಳಿಗೆ 30 ಡಿಗ್ರಿಯೇ ಮಿತಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಪಾಟಿನಲ್ಲಿಟ್ಟ ಡಬ್ಬಿಯನ್ನು ನಂಬುವಂತಿಲ್ಲ. ಫ್ರಿಜ್‌ನಿಂದ ತೆಗೆದ ಕಾರ್ಡ್ ಮೊದಲು ಕೋಣೆಯ ಬಿಸಿಗೆ ಬರಬೇಕು. ಸೀರಂ (ರಕ್ತದ ತಿಳಿ) ಎರಡು ಮೂರು ಹನಿ, ಆಮೇಲೆ 15–20 ನಿಮಿಷ. ಸಿ ಗೆರೆಯೇ ಮೂಡದಿದ್ದರೆ ಆ ಕಾರ್ಡ್ ಕಸಕ್ಕೆ. ಟಿ ಎದುರು ಕೂದಲೆಳೆಯಷ್ಟು ಮಸುಕು ಗೆರೆ ಮೂಡಿದರೂ ಅದು ಪಾಸಿಟಿವ್ವೇ. ‘ಇದು ಲೆಕ್ಕಕ್ಕಿಲ್ಲ’ ಎಂದು ನೆಗೆಟಿವ್ ಬರೆಯುವುದೇ ದೊಡ್ಡ ತಪ್ಪು. ಅರ್ಧ ಗಂಟೆ ಬಿಟ್ಟು ಓದಿದ ಗೆರೆಗೂ ಬೆಲೆಯಿಲ್ಲ. ಆಂಟಿಜನ್ ತೀರ ಕಡಿಮೆ ಇದ್ದರೆ ಕಾರ್ಡಿಗೆ ಸಿಗದೆ ಎಲಿಸಾಗೆ, ಅಂದರೆ ಲ್ಯಾಬಿನ ಹೆಚ್ಚು ಸೂಕ್ಷ್ಮ ಪರೀಕ್ಷೆಗೆ, ಸಿಗುತ್ತದೆ.

ಕಳೆದ ಒಂದೂವರೆ ಅಂಕ ಇದಕ್ಕಲ್ಲ. ಕಾರ್ಡ್ ಹೇಳುವುದು ‘ವೈರಸ್ಸಿನ ಹೊದಿಕೆ ಈಗ ರಕ್ತದಲ್ಲಿ ಸಿಕ್ಕಿತೇ’ ಎಂಬುದೊಂದನ್ನೇ. ಹಿಂದೆ ಬಂದು ಹೋಗಿದೆಯೇ, ರಕ್ಷಣೆ ಇದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಸೊಮಾಲಿಯಾದಿಂದ ಓದಲು ಬಂದ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ. ಆ ದೇಶದಲ್ಲಿ ಹೆಪಟೈಟಿಸ್ ಬಿ ಬಲು ಹೆಚ್ಚು. ಮಕ್ಕಳಿಗೆ ಹೆಪಟೈಟಿಸ್ ಬಿ ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಬಂದದ್ದು 2013ರಲ್ಲಿ, ಅಂದರೆ ಈಗ ಕಾಲೇಜಿನಲ್ಲಿರುವವರು ಹುಟ್ಟಿದ ಮೇಲೆ. ಹೆರಿಗೆಯಲ್ಲಿ ತಾಯಿಯಿಂದ ತಗಲಿದರೆ 100ರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಉಳಿದುಬಿಡುತ್ತದೆ, ದೊಡ್ಡವರಾದ ಮೇಲೆ ತಗಲಿದರೆ ಐದಕ್ಕಿಂತ ಕಡಿಮೆ. ಹಾಗೆ ಸೋಂಕು ಉಳಿದುಕೊಂಡವರ ಕಣ್ಣು ಸಾಮಾನ್ಯವಾಗಿ ಹಳದಿಯಾಗುವುದಿಲ್ಲ, ಕಾಮಾಲೆ ಎಂದು ಯಾರೂ ಅನುಮಾನಿಸುವುದೂ ಇಲ್ಲ. ಅಮೆರಿಕದಲ್ಲಿ ಸೊಮಾಲಿಗಳು ಅತಿ ಹೆಚ್ಚು ನೆಲೆಸಿರುವ ಮಿನೆಸೋಟಾದ ವೈದ್ಯರು ಅವರಲ್ಲಿ ಲಿವರ್ ಕ್ಯಾನ್ಸರನ್ನೂ ಕಂಡಿದ್ದಾರೆ. ಅವರ ಊರಿನ ಮಾತೆಂದು ನಾವು ಮೂಗು ಮುರಿಯುವಂತಿಲ್ಲ: ಹೆಪಟೈಟಿಸ್ ಬಿ ಲಸಿಕೆ ಭಾರತದಾದ್ಯಂತ ಹರಡಿದ್ದು 2011ರಲ್ಲಿ.

ಹಾಗಾಗಿ ಕಾರ್ಡಿಗೆ ನಿಲ್ಲದೆ ಮೂರು ಕೇಳಿ: ಎಚ್‌ಬಿಎಸ್‌ಎಜಿ (ಕಾರ್ಡ್ ಹುಡುಕುವ ಅದೇ ಆಂಟಿಜನ್), ಆಂಟಿ-ಎಚ್‌ಬಿಎಸ್ (ರಕ್ಷಣೆ ಇದೆಯೇ), ಒಟ್ಟು ಆಂಟಿ-ಎಚ್‌ಬಿಸಿ (ಎಂದಾದರೂ ತಗಲಿದೆಯೇ). ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಿಂದ ಪ್ರತಿ ವಯಸ್ಕರಿಗೂ ಜೀವನದಲ್ಲೊಮ್ಮೆ ಇವೇ ಮೂರನ್ನು ಹೇಳುತ್ತದೆ. ಕೊನೆಯದು ಪಾಸಿಟಿವ್ ಬಂದರೆ ಒಮ್ಮೆ ಸೋಂಕು ತಗಲಿದೆ ಎಂದರ್ಥ. ಮುಂದೆ ಕೀಮೋ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರುಮಾಡುವಾಗ ಡಾಕ್ಟರಿಗೆ ಹೇಳಲೇಬೇಕು. ಮೂರೂ ನೆಗೆಟಿವ್ ಆದರೆ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ತೋಳಿಗೇ ಹಾಕಿಸಿ, ಪೃಷ್ಠಕ್ಕೆ ಬೇಡ, ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಸೀಸೆ 2–8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದ್ದು ವ್ಯರ್ಥ.

ಕಾರ್ಡ್ ಪಾಸಿಟಿವ್ ಆದರೆ ಮೊದಲು ಎಲಿಸಾದಲ್ಲಿ ಖಚಿತಪಡಿಸಿ, ಆಮೇಲೆ ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ) ಮತ್ತು ಲಿವರ್ ಪರೀಕ್ಷೆ. ಆರು ತಿಂಗಳಾದರೂ ಆಂಟಿಜನ್ ಹೋಗದಿದ್ದರೆ ದೀರ್ಘಕಾಲದ ಸೋಂಕು. ಪಾಸಿಟಿವ್ ಅಂದಕೂಡಲೇ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರಿಗೆ ವೈರಸ್ ಹತ್ತಿಕ್ಕುವ ಟೆನೋಫೋವಿರ್. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ದುಡ್ಡು ಸುರಿಯುವ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನರ್ಸಿಂಗ್, ಮೆಡಿಕಲ್ ವಿದ್ಯಾರ್ಥಿಗಳಿಗೆ ಒಂದು ಮಾತು: ಲಸಿಕೆ ಹಾಕಿಸಿಕೊಂಡು 18 ದಿನಗಳವರೆಗೂ ಲಸಿಕೆಯ ಆಂಟಿಜನ್ನೇ ಪಾಸಿಟಿವ್ ತೋರಿಸಬಹುದು. ರಕ್ತ ಮೊದಲು ಕೊಡಿ, ಚುಚ್ಚುಮದ್ದು ಆಮೇಲೆ.